ಟ್ರೈಕೋಡರ್ಮಾ ಹಾಕಿದರೂ ಬಳ್ಳಿ ಸೊರಗುವುದೇಕೆ?

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಗೊಬ್ಬರದಂಗಡಿಗಳಲ್ಲಿ ಟ್ರೈಕೋಡರ್ಮಾ (ಬೇರಿನ ರೋಗ ತಡೆಯಲು ಹಾಕುವ ಶಿಲೀಂಧ್ರದ ಪುಡಿ) ಪ್ಯಾಕೆಟ್ ಕೇಳುವವರು ಹೆಚ್ಚುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ‘ಅದನ್ನೂ ಹಾಕಿ ನೋಡಿದೆವು, ಮೆಣಸಿನ ಬಳ್ಳಿ ಉಳಿಯಲಿಲ್ಲ’ ಎಂಬ ಮಾತೂ ಅಷ್ಟೇ ಸಾಮಾನ್ಯವಾಗಿ ಕೇಳಿಬರುತ್ತದೆ. ಇಂಥ ಸೋಲಿನಲ್ಲಿ ಶಿಲೀಂಧ್ರದ ತಪ್ಪು ಕಡಿಮೆ. ಹಾಕಿದ ಹೊತ್ತು, ಹಾಕಿದ ರೀತಿ, ಅದರ ಹಿಂದೆ ಮುಂದೆ ಸುರಿದ ಮೈಲುತುತ್ತ (ತಾಮ್ರದ ಸಲ್ಫೇಟ್), ಇವುಗಳ ಪಾಲೇ ದೊಡ್ಡದು. ಈ ಬಗ್ಗೆ ಲೆಕ್ಕ, ಪ್ರಮಾಣಗಳ ಸಮೇತ ಕೆಲವು ವಿಷಯಗಳನ್ನು ಓದುಗರ ಮುಂದಿಡುವುದಕ್ಕಾಗಿ ಈ ಪತ್ರ.

ಟ್ರೈಕೋಡರ್ಮಾ ಮಣ್ಣಿನಲ್ಲಿ ತಾನಾಗಿಯೇ ಇರುವ ಹಸಿರು ಬೂಷ್ಟು. ಇದು ಬೇರೆ ಶಿಲೀಂಧ್ರಗಳನ್ನು ಸುತ್ತಿ ತಿನ್ನುತ್ತದೆ ಎಂಬುದನ್ನು 1932ರಷ್ಟು ಹಿಂದೆಯೇ ವೈಂಡ್ಲಿಂಗ್ ಎಂಬ ವಿಜ್ಞಾನಿ ತೋರಿಸಿದ್ದರು. ಅದರ ಎಳೆಗಳು ರೋಗಕಾರಕದ ಎಳೆಗೆ ಬಳ್ಳಿಯಂತೆ ಸುತ್ತಿಕೊಂಡು, ಕಿಣ್ವ ಬಿಟ್ಟು ಅದರ ಗೋಡೆಯನ್ನು ಕರಗಿಸುತ್ತವೆ. ಜೊತೆಗೆ ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿದು ಕೂರುತ್ತದೆ, ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಕೆರಳಿಸುತ್ತದೆ. ಈ ಎಲ್ಲ ಕೆಲಸಗಳೂ ರೋಗ ಬರುವುದಕ್ಕೆ ಮೊದಲು ಆಗಬೇಕಾದವು. ಬೇರು ಕೊಳೆತು ಎಲೆ ಜೋತುಬಿದ್ದ ಬಳ್ಳಿಯ ಬುಡಕ್ಕೆ ಎಷ್ಟು ಕೆ.ಜಿ. ಸುರಿದರೂ ಪ್ರಯೋಜನವಿಲ್ಲ. ಆ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಟ್ಟು, ಸುತ್ತಲಿನ ಆರೋಗ್ಯವಂತ ಬಳ್ಳಿಗಳ ಕಡೆ ಗಮನ ಕೊಡುವುದೇ ಲಾಭ.

ಎರಡನೆಯದು, ಯಾವ ರೋಗಕ್ಕೆ ಎಂಬುದು. ಮೆಣಸಿನ ಶೀಘ್ರ ಸೊರಗು ರೋಗ, ಶುಂಠಿಯ ಗೆಡ್ಡೆ ಕೊಳೆ, ಅಡಿಕೆಯ ಅಣಬೆ ರೋಗ, ಸಸಿಮಡಿಯಲ್ಲಿ ಸಸಿ ಸಾಯುವ ಕಾಯಿಲೆ, ಹೀಗೆ ಮಣ್ಣಿನಿಂದ ಬರುವ ರೋಗಗಳನ್ನು ತಡೆಯುವುದು ಇದರ ಕೆಲಸ. ಅಡಿಕೆ ಗೊನೆಗೆ ಬರುವ ಕೊಳೆ ರೋಗಕ್ಕೆ ಬುಡಕ್ಕೆ ಹಾಕಿದ ಟ್ರೈಕೋಡರ್ಮಾ ಏನೂ ಮಾಡದು. ಅದಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು, ಇಲ್ಲವೇ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕು. ಎಲೆಚುಕ್ಕಿ ರೋಗದ ಭೀತಿಯಲ್ಲಿರುವ ತೋಟಗಳಿಗೆ ‘ಬುಡಕ್ಕೆ ಇದನ್ನು ಕೊಡಿ, ಚುಕ್ಕಿ ಹೋಗುತ್ತದೆ’ ಎಂದು ಪ್ಯಾಕೆಟ್ ದಾಟಿಸುವುದಂತೂ ಶುದ್ಧ ವ್ಯಾಪಾರ. ನಿಧಾನ ಸೊರಗು ರೋಗದಲ್ಲಿ ಬೇರಿಗೆ ಜಂತುಹುಳುವಿನ ಕಾಟ ಮುಖ್ಯ. ಅಲ್ಲಿ ಪೊಕೋನಿಯಾ, ಪರ್ಪ್ಯೂರಿಯೋಸಿಲಿಯಂ ಎಂಬ ಬೇರೆ ಶಿಲೀಂಧ್ರಗಳು ಬೇಕು.

ಶುಂಠಿಯಲ್ಲಿ ಈ ಗೊಂದಲ ಇನ್ನೂ ದುಬಾರಿ. ಗೆಡ್ಡೆ ಕೊಳೆಯೂ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವೂ ಒಂದೇ ಗದ್ದೆಯಲ್ಲಿ, ಒಂದೇ ತಿಂಗಳಲ್ಲಿ ಕಾಣಿಸಿಕೊಳ್ಳುತ್ತವೆ. ಗೆಡ್ಡೆ ಕೊಳೆಯಾದರೆ ಕೆಳಗಿನ ಎಲೆಗಳ ತುದಿ ಮೊದಲು ಹಳದಿಯಾಗುತ್ತದೆ, ಕಾಂಡದ ಬುಡ ನೀರು ಕುಡಿದಂತೆ ಮೆತ್ತಗಾಗಿ, ಮೆಲ್ಲಗೆ ಎಳೆದರೆ ಕೈಗೆ ಬರುತ್ತದೆ. ಬ್ಯಾಕ್ಟೀರಿಯಾ ಸೊರಗಿನಲ್ಲಿ ಎಲೆ ಹಸಿರಿರುವಾಗಲೇ ಸುರುಳಿ ಸುತ್ತಿಕೊಂಡು ಎರಡು ಮೂರು ದಿನದಲ್ಲಿ ಇಡೀ ಗಿಡ ಬಾಡುತ್ತದೆ. ಅನುಮಾನವಿದ್ದರೆ ಕಾಂಡದ ಬುಡದ ಒಂದು ತುಂಡನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ತೂಗುಹಾಕಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂತೆ ದ್ರವ ಇಳಿದರೆ ಅದು ಬ್ಯಾಕ್ಟೀರಿಯಾ. ಅಲ್ಲಿ ಟ್ರೈಕೋಡರ್ಮಾಕ್ಕೆ ಖರ್ಚು ಮಾಡುವ ಪ್ರತಿ ರೂಪಾಯಿಯೂ ನೀರುಪಾಲು.

ಇನ್ನು ಪ್ಯಾಕೆಟ್. ಕೇಂದ್ರ ಕೀಟನಾಶಕ ಮಂಡಳಿಯ ಮಾನದಂಡದಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು (ಲೇಬಲ್ ಮೇಲೆ 2×10⁶ ಸಿಎಫ್‌ಯು ಎಂದಿರುತ್ತದೆ), ತೇವಾಂಶ ಶೇ 8 ಮೀರಬಾರದು. ನೋಂದಣಿ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಪ್ರಭೇದದ ಹೆಸರು ಇಲ್ಲದ ಪ್ಯಾಕೆಟ್ಟನ್ನು ಬೆಲೆ ಕಡಿಮೆ ಎಂದು ತರಬೇಡಿ. ಟಾಲ್ಕ್ ಪುಡಿಯಲ್ಲಿ ಬೆರೆಸಿದ್ದು ಸಾಮಾನ್ಯವಾಗಿ ಆರು ತಿಂಗಳ ಬಾಳಿಕೆಯ ಸರಕು. ಅದೂ ತಂಪಿನಲ್ಲಿಟ್ಟರೆ ಮಾತ್ರ. ತಗಡಿನ ಮಾಡಿನ ಅಂಗಡಿಯಲ್ಲಿ, ಬಿಸಿಲು ಬೀಳುವ ಗಾಜಿನ ಹಿಂದೆ ಏಪ್ರಿಲ್ ತಿಂಗಳು ಕಳೆದ ಪ್ಯಾಕೆಟ್ಟಿನೊಳಗೆ ಎಷ್ಟು ಜೀವ ಉಳಿದಿರುತ್ತದೆ ಎಂಬುದನ್ನು ಲೇಬಲ್ ಹೇಳುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒರಟು ಪರೀಕ್ಷೆ ಒಂದಿದೆ. ಉದುರುದುರಾಗಿ ಬೇಯಿಸಿ ಆರಿಸಿದ ಒಂದು ಹಿಡಿ ಅನ್ನವನ್ನು, ಬಿಸಿನೀರಿನಲ್ಲಿ ತೊಳೆದು ಒರೆಸಿದ ಡಬ್ಬಿಗೆ ಹಾಕಿ, ಚಿಟಿಕೆ ಪುಡಿ ಉದುರಿಸಿ ಸಡಿಲವಾಗಿ ಮುಚ್ಚಿಡಿ. ಪುಡಿ ಹಾಕದ ಇನ್ನೊಂದು ಡಬ್ಬಿಯನ್ನೂ ಪಕ್ಕದಲ್ಲಿಡಿ. ಎರಡು ಮೂರು ದಿನಕ್ಕೆ ಬಿಳಿ ನೂಲು ಹರಡಿ, ನಾಲ್ಕೈದು ದಿನಕ್ಕೆ ಗಾಢ ಹಸಿರಿಗೆ ತಿರುಗಬೇಕು. ಕೆಲವು ತಳಿಗಳು ಕೊಬ್ಬರಿಯ ವಾಸನೆ ಬೀರುತ್ತವೆ. ಕಪ್ಪು ಅಥವಾ ಕಿತ್ತಳೆ ಬೂಷ್ಟು ಬಂದರೆ, ಲೋಳೆಯಾಗಿ ನಾತ ಹೊಡೆದರೆ ಪುಡಿ ಕೆಟ್ಟಿದೆ, ಇಲ್ಲವೇ ಡಬ್ಬಿ ಶುಚಿಯಾಗಿರಲಿಲ್ಲ. ಎರಡನೇ ಡಬ್ಬಿ ಇರುವುದು ಅದನ್ನು ತಿಳಿಯುವುದಕ್ಕೇ. ಬೇರೆ ಬೂಷ್ಟುಗಳೂ ಹಸಿರಿರುವುದರಿಂದ ಇದು ಪ್ರಯೋಗಾಲಯದ ಎಣಿಕೆಗೆ ಸಮವಲ್ಲ. ಏನೂ ಬೆಳೆಯದ ಪುಡಿಯನ್ನು ತೋಟಕ್ಕೆ ಹಾಕದಂತೆ ತಡೆಯಲು ಸಾಕು.

ಪುಡಿಯನ್ನು ನೇರವಾಗಿ ಮಣ್ಣಿಗೆ ಎರಚುವುದೇ ನಮ್ಮ ಕಡೆಯ ಅತಿ ಸಾಮಾನ್ಯ ತಪ್ಪು. ಒಣ ಮಣ್ಣಿನ ಮೇಲೆ ಬಿದ್ದ ಕಣ ಬಿಸಿಲಿಗೆ ಸಾಯುತ್ತದೆ. ಸಾಯದೆ ಮೊಳೆತರೂ ತಿನ್ನಲು ಏನೂ ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕುವ ಹಾಗೆ, ಮೊದಲು ಗೊಬ್ಬರದಲ್ಲಿ ಅದನ್ನು ಬೆಳೆಸಿಕೊಳ್ಳಬೇಕು.

ಲೆಕ್ಕ ಹೀಗೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆ.ಜಿ., ಬೇವಿನ ಹಿಂಡಿ 10 ಕೆ.ಜಿ., ಟ್ರೈಕೋಡರ್ಮಾ 1 ಕೆ.ಜಿ. ಗೊಬ್ಬರ ಕಳಿತಿರಲೇಬೇಕು. ಹಸಿ ಸಗಣಿ, ಕೋಳಿ ಗೊಬ್ಬರ ಕಾವೇರಿ ಅಮೋನಿಯಾ ಬಿಡುತ್ತವೆ, ಟ್ರೈಕೋಡರ್ಮಾ ಏಳುವುದೇ ಇಲ್ಲ. ಮಳೆ, ಬಿಸಿಲು ಎರಡೂ ತಾಗದ ಮಾಡಿನ ಕೆಳಗೆ ಗೊಬ್ಬರ ಮತ್ತು ಹಿಂಡಿಯನ್ನು ಹೆಂಟೆ ಒಡೆದು ಬೆರೆಸಿ ನೀರು ಚಿಮುಕಿಸಿ. ಎಷ್ಟು ನೀರು ಎಂಬುದಕ್ಕೆ ಮುಷ್ಟಿಯೇ ಅಳತೆ. ಹಿಡಿದು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು, ಹೆಬ್ಬೆರಳಿನಿಂದ ಮುಟ್ಟಿದರೆ ಉಂಡೆ ಒಡೆಯಬೇಕು. ಆಮೇಲೆ ಪುಡಿಯನ್ನು ಉದುರಿಸಿ ಮಗುಚಿ, ಒಂದೂವರೆ ಅಡಿಗಿಂತ ಎತ್ತರವಾಗದಂತೆ ಹರಡಿ, ಒದ್ದೆ ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಇದಕ್ಕೆ ಗಾಳಿ ಬೇಕು. ಪುಡಿ ಬೆರೆಸುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ದಮ್ಮು, ಅಲರ್ಜಿ ಇರುವವರು ಆ ಕೆಲಸಕ್ಕೆ ಹೋಗದಿದ್ದರೆ ಒಳ್ಳೆಯದು.

ರಾಶಿಯೊಳಗೆ ಕೈ ತೂರಿಸಿದಾಗ ಬಿಸಿ ಹತ್ತಿದರೆ ತಕ್ಷಣ ಮಗುಚಿ ತೆಳುವಾಗಿ ಹರಡಬೇಕು. 25ರಿಂದ 30 ಡಿಗ್ರಿ ಅದಕ್ಕೆ ಹಿತ, 40ರ ಹತ್ತಿರ ಹೋದರೆ ಬೆಳವಣಿಗೆ ನಿಂತೇಹೋಗುತ್ತದೆ. ಸುಮಾರು ಒಂದು ವಾರಕ್ಕೆ ಗೋಣಿ ಎತ್ತಿದರೆ ಮೇಲ್ಮೈಯಲ್ಲಿ ಬಿಳಿ ನೂಲು, ಅಲ್ಲಲ್ಲಿ ಹಸಿರು ತೇಪೆ ಕಾಣಬೇಕು. ಆಗ ಒಮ್ಮೆ ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ ಮತ್ತೆ ಮುಚ್ಚಿ. 15 ದಿನಕ್ಕೆ ಸಿದ್ಧ. ತಿಂಗಳೊಳಗೆ ಬಳಸಿಬಿಡಿ. ಯೂರಿಯಾ, ಸುಣ್ಣ ಇದರ ಜೊತೆ ಬೆರೆಸಬೇಡಿ.

ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಟ್ರೈಕೋಡರ್ಮಾ ‘ಬೆಳೆಸುವ’ ಪದ್ಧತಿಯೂ ಈಗ ಊರೂರಿಗೆ ಹಬ್ಬಿದೆ. ಕಾಯಿಸದ ನೀರು, ತೊಳೆಯದ ಡ್ರಮ್ಮು, ತೆರೆದ ಬಾಯಿ ಇದ್ದಲ್ಲಿ ಬೆಲ್ಲವನ್ನು ಮೊದಲು ತಿನ್ನುವುದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ಡ್ರಮ್ಮು ಹುಳಿ ವಾಸನೆ, ಹೆಂಡದ ವಾಸನೆ ಹೊಡೆಯುತ್ತಿದ್ದರೆ ಅದರಲ್ಲಿ ಬೆಳೆದಿರುವುದು ಬೇರೆಯೇ. ಗೊಬ್ಬರದ ರಾಶಿ ಹಳೆಯ ದಾರಿ, ಶ್ರಮ ಜಾಸ್ತಿ, ಆದರೆ ಕಣ್ಣಿಗೆ ಕಾಣುವ ದಾರಿ.

ಕಾಳುಮೆಣಸಿಗೆ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಪ್ರಮಾಣ ಬಳ್ಳಿಗೆ 50 ಗ್ರಾಂ. ಮೇಲಿನ ಲೆಕ್ಕದ ಗೊಬ್ಬರ ಬಳ್ಳಿಗೆ 5 ಕೆ.ಜಿ. ಹಾಕಿದರೆ ಅದರಲ್ಲಿ ಮೂಲ ಪುಡಿ 50 ಗ್ರಾಂ ಇರುತ್ತದೆ, ಅಂದರೆ 100 ಕೆ.ಜಿ. ರಾಶಿ 20 ಬಳ್ಳಿಗೆ. ಒಂಬತ್ತಡಿ ಅಂತರದ ಅಡಿಕೆ ತೋಟದಲ್ಲಿ ಎಕರೆಗೆ 550ರಷ್ಟು ಮರ, ಎಲ್ಲಕ್ಕೂ ಬಳ್ಳಿ ಇದ್ದರೆ ಎರಡೂಮುಕ್ಕಾಲು ಟನ್ ಗೊಬ್ಬರ ಬೇಕು. ಅಷ್ಟು ಗೊಬ್ಬರ ಎಲ್ಲರ ಕೊಟ್ಟಿಗೆಯಲ್ಲಿ ಇರುವುದಿಲ್ಲ ಎಂಬುದು ನಿಜ. ಆಗ ಇಡೀ ತೋಟಕ್ಕೆ ಚಿಟಿಕೆ ಚಿಟಿಕೆ ಹಂಚುವುದಕ್ಕಿಂತ, ಹಿಂದಿನ ವರ್ಷ ಬಳ್ಳಿ ಸತ್ತ ಜಾಗದ ಸುತ್ತ, ತಗ್ಗಿನ ಸಾಲುಗಳಲ್ಲಿ, ಹೊಸ ಬಳ್ಳಿ ನೆಟ್ಟ ಕಡೆ ಪೂರ್ತಿ ಪ್ರಮಾಣ ಕೊಡುವುದು ಬುದ್ಧಿವಂತಿಕೆ.

ಹಾಕುವಾಗ ಬುಡ ಅಗೆಯಬಾರದು. ಮೆಣಸಿನ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಇವೆ. ಗುದ್ದಲಿ ತಾಗಿದ ಪ್ರತಿ ಗಾಯವೂ ಶೀಘ್ರ ಸೊರಗು ತರುವ ಫೈಟಾಪ್ತೋರಾಕ್ಕೆ ತೆರೆದ ಬಾಗಿಲು. ಬುಡದಿಂದ ಒಂದೂವರೆ, ಎರಡಡಿ ದೂರದವರೆಗೆ ಸುತ್ತಲೂ ಹರಡಿ, ಮೇಲೆ ಒಣ ಸೊಪ್ಪನ್ನೋ ಕತ್ತರಿಸಿದ ಸೋಗೆಯನ್ನೋ ಮುಚ್ಚಿ. ನೆಲದ ಮೇಲೆ ಹರಿದಾಡುವ ಹಬ್ಬುಬಳ್ಳಿಗಳನ್ನು ಕತ್ತರಿಸಿ ಇಲ್ಲವೇ ಮರಕ್ಕೆ ಎತ್ತಿ ಕಟ್ಟಿ. ಮಳೆಹನಿ ಸಿಡಿದು ಮಣ್ಣಿನ ರೋಗ ಎಲೆಗೆ ಹತ್ತುವುದು ಅಲ್ಲಿಂದಲೇ. ಮೊದಲ ಕಂತು ಮೇ ತಿಂಗಳ ಅಡ್ಡಮಳೆಗೆ ಮಣ್ಣು ನೆನೆದ ಮೇಲೆ, ಎರಡನೆಯದು ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಮಳೆ ಇಳಿದಾಗ. ಜುಲೈನಲ್ಲಿ ಆಗುಂಬೆ, ಹುಲಿಕಲ್ ಕಡೆಯ ಮಳೆಗೆ ಹಾಕಿದರೆ ಗೊಬ್ಬರವೇ ಕೊಚ್ಚಿಹೋಗುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಟ್ರೈಕೋಡರ್ಮಾ ಸೊರಗುತ್ತದೆ, ಫೈಟಾಪ್ತೋರಾದ ಈಜುವ ಕಣಗಳಿಗೆ ಅದೇ ನೀರು ಹೆದ್ದಾರಿ. ಬಸಿಗಾಲುವೆ ಬಿಡಿಸದ ತೋಟಕ್ಕೆ ಯಾವ ಶಿಲೀಂಧ್ರವೂ ಬೇಡ, ಮೊದಲು ಕಾಲುವೆ ಬಿಡಿಸಿ.

ಎಲ್ಲಕ್ಕಿಂತ ಹೆಚ್ಚು ಎಡವುತ್ತಿರುವುದು ತಾಮ್ರದ ವಿಷಯದಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಬಗ್ಗೆ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮಲೆನಾಡಿನ ಅಡಿಕೆ ಉಳಿದಿರುವುದೇ ಮೈಲುತುತ್ತ, ಸುಣ್ಣದಿಂದ. ಅದನ್ನು ಬಿಡಿ ಎಂದು ಯಾರೂ ಹೇಳಲಾರರು. ಆದರೆ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತದ ದ್ರಾವಣ ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಅದೇ ಬುಡಕ್ಕೆ, ಅದೇ ಮೆಣಸಿನ ಬೇರಿನ ಮೇಲೆ. ಮಣ್ಣಿನಲ್ಲಿ ನೆಲೆಯೂರಿದ ಟ್ರೈಕೋಡರ್ಮಾ ತಾಮ್ರವನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತದೆ. ಆಗಷ್ಟೇ ಮೊಳೆಯುತ್ತಿರುವ ಕಣಕ್ಕೆ ಪೆಟ್ಟು ಜಾಸ್ತಿ. ಆದ್ದರಿಂದ ಗೊಬ್ಬರ ಹಾಕಿ, ಸೊಪ್ಪು ಮುಚ್ಚಿ, ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಬಿಟ್ಟು ಮೊದಲ ಬೋರ್ಡೋ ಹೊಡೆಯಬೇಕು. ಮೇ ಮೊದಲ ಪಕ್ಷಕ್ಕೆ ಗೊಬ್ಬರ, ಮೇ ಕೊನೆ ಅಥವಾ ಜೂನ್ ಮೊದಲ ವಾರಕ್ಕೆ ಬೋರ್ಡೋ ಎಂದು ಇಟ್ಟುಕೊಂಡರೆ ಎರಡೂ ಹೊಂದುತ್ತವೆ. ಎರಡನೇ ಬೋರ್ಡೋ ಆದ ಮೇಲೂ ಇಷ್ಟೇ ದಿನ ಕಾದು ಎರಡನೇ ಕಂತಿನ ಗೊಬ್ಬರ.

ಮೆಣಸಿನ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿಯುವುದು ಒಂದು ದಾರಿ, ಟ್ರೈಕೋಡರ್ಮಾ ಇನ್ನೊಂದು ದಾರಿ. ಎರಡನ್ನೂ ಒಂದೇ ವಾರದಲ್ಲಿ ಮಾಡಿ ‘ಡಬಲ್ ರಕ್ಷಣೆ’ ಎಂದುಕೊಳ್ಳುವವರು ಎರಡಕ್ಕೂ ದುಡ್ಡು ಕೊಟ್ಟು ಒಂದನ್ನು ಕೊಂದಿರುತ್ತಾರೆ. ಟ್ರೈಕೋಡರ್ಮಾ ಆರಿಸಿಕೊಂಡವರಿಗೆ ಹೊಂದುವ ಜೊತೆಗಾರ ಪೊಟ್ಯಾಷಿಯಂ ಫಾಸ್ಫೊನೇಟ್: ಲೀಟರಿಗೆ 3 ಮಿ.ಲೀ., ಎಲೆಗೂ ಬುಡಕ್ಕೂ. ಅದು ಫೈಟಾಪ್ತೋರಾವನ್ನು ಹಿಡಿಯುತ್ತದೆ, ಟ್ರೈಕೋಡರ್ಮಾಕ್ಕೆ ತೊಂದರೆ ಕೊಡುವುದಿಲ್ಲ. ಮೆಟಲಾಕ್ಸಿಲ್ ಕೂಡ ಹೆಚ್ಚುಕಡಿಮೆ ಹಾಗೆಯೇ, ಏಕೆಂದರೆ ಫೈಟಾಪ್ತೋರಾ, ಶುಂಠಿಯ ಗೆಡ್ಡೆ ಕೊಳೆ ತರುವ ಪಿಥಿಯಂಗಳು ನಿಜವಾದ ಶಿಲೀಂಧ್ರ ಕುಲಕ್ಕೆ ಸೇರಿದವಲ್ಲ, ಆ ಔಷಧಿ ನಾಟುವುದು ಅವಕ್ಕೆ ಮಾತ್ರ. ಆದರೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ಮ್ಯಾಂಕೊಜೆಬ್ ಬೆರೆತ ಮೆಟಲಾಕ್ಸಿಲ್, ಆ ಮ್ಯಾಂಕೊಜೆಬ್ ಟ್ರೈಕೋಡರ್ಮಾವನ್ನೂ ಕುಗ್ಗಿಸುತ್ತದೆ. ಕಾರ್ಬೆಂಡಜಿಮ್ ಅಂತೂ ಅದಕ್ಕೆ ನೇರ ವಿಷ. ಎಲೆಚುಕ್ಕಿಗೆ ಈಗ ಹೊಡೆಯುತ್ತಿರುವ ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್, ಟೆಬುಕೊನಜೋಲ್‌ಗಳೂ ಅಷ್ಟೇ. ಎಲೆಚುಕ್ಕಿಗೆ ಔಷಧಿ ಹೊಡೆಯುವ ತೋಟಗಳಲ್ಲಿ ಬುಡದ ಸೊಪ್ಪಿನ ಹೊದಿಕೆ ದಪ್ಪವಾಗಿರಲಿ, ದಿನಗಳ ಅಂತರವೂ ಇರಲಿ.

ಶುಂಠಿಗೆ ಬಿತ್ತನೆ ಗೆಡ್ಡೆಯಲ್ಲೇ ಶುರು ಮಾಡಬೇಕು. ಲೀಟರ್ ನೀರಿಗೆ 10 ಗ್ರಾಂ ಪುಡಿ ಕದಡಿ, ಗೆಡ್ಡೆ ತುಂಡುಗಳನ್ನು ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸಿ ನೆಡಿ. ದಾಸ್ತಾನಿಗೆ ಮುಂಚೆ ಮ್ಯಾಂಕೊಜೆಬ್ ಉಪಚಾರ ಮಾಡಿದ್ದರೆ ಅಡ್ಡಿಯಿಲ್ಲ. ನೆಡುವ ಹಿಂದಿನ ದಿನ ಮತ್ತೆ ರಾಸಾಯನಿಕದಲ್ಲಿ ಅದ್ದಿ, ಮರುದಿನ ಟ್ರೈಕೋಡರ್ಮಾದಲ್ಲಿ ಅದ್ದುವುದು ಅರ್ಥವಿಲ್ಲದ ಕೆಲಸ. ನೆಡುವ ಗುಳಿಗೆ ಒಂದು ಹಿಡಿ ರಾಶಿಯ ಗೊಬ್ಬರ ಹಾಕಿ. ಸೊರಬ, ಶಿಕಾರಿಪುರ, ಸಾಗರದ ಕಡೆ ಗುತ್ತಿಗೆ ಗದ್ದೆಗಳಲ್ಲಿ ಶುಂಠಿ ಹಾಕುವವರು ಒಂದಡಿ ಎತ್ತರದ ಏರುಮಡಿ, ನಡುವೆ ಒಂದೂವರೆ ಅಡಿ ಕಾಲುವೆ ಬಿಟ್ಟರೆ ಮಾತ್ರ ಈ ಉಪಚಾರಕ್ಕೆ ಬೆಲೆ. ಹಿಂದೆ ಶುಂಠಿ ಕೊಳೆತ ಗದ್ದೆಯನ್ನೇ ಮತ್ತೆ ಹಿಡಿದರೆ ಆ ಬೆಲೆಯೂ ಇಲ್ಲ.

ಅಣಬೆ ರೋಗದಲ್ಲಿ ಮರದ ಬುಡದಲ್ಲಿ ಅಣಬೆ ಮೂಡಿತೆಂದರೆ ಆ ಮರ ಮುಗಿದಂತೆ. ಕಡಿದು, ಬೊಡ್ಡೆ ಬೇರು ಸಮೇತ ತೆಗೆದು ಸುಟ್ಟು, ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಂದಕ ತೆಗೆಯಿರಿ. ಟ್ರೈಕೋಡರ್ಮಾ ಇರುವುದು ಸುತ್ತಲಿನ ಮರಗಳಿಗೆ: ವರ್ಷಕ್ಕೆ ಮರಕ್ಕೆ 2 ಕೆ.ಜಿ. ಬೇವಿನ ಹಿಂಡಿಯ ಜೊತೆ. ಬೊಡ್ಡೆಯನ್ನು ನೆಲದಲ್ಲೇ ಬಿಟ್ಟರೆ ಎಷ್ಟು ಹಿಂಡಿ ಹಾಕಿದರೂ ರೋಗದ ಬೀಜ ಅಲ್ಲೇ ಇರುತ್ತದೆ.

ಸಸಿಮಡಿಯಲ್ಲಿ ಖರ್ಚು ಅತ್ಯಂತ ಕಡಿಮೆ, ಫಲ ಅತ್ಯಂತ ಹೆಚ್ಚು. ಮೆಣಸಿನ ಚೀಲಕ್ಕೆ ತುಂಬುವ ಮಣ್ಣನ್ನು ಬೇಸಿಗೆಯಲ್ಲಿ ಒದ್ದೆ ಮಾಡಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸಿ, ಆಮೇಲೆ ಕೆ.ಜಿ. ಮಣ್ಣಿಗೆ 1 ಗ್ರಾಂ ಪುಡಿ ಬೆರೆಸಿ. ಕಾಯಿಸಿದ ಮಣ್ಣಿನಲ್ಲಿ ಪೈಪೋಟಿ ಕಡಿಮೆ, ಮೊದಲು ಬಂದವರಿಗೇ ಜಾಗ. ಬೇರಿನಲ್ಲಿ ಟ್ರೈಕೋಡರ್ಮಾ ಹೊತ್ತುಕೊಂಡೇ ತೋಟಕ್ಕೆ ಹೋಗುವ ಸಸಿಗೂ ಬರಿಗೈಯಲ್ಲಿ ಹೋಗುವ ಸಸಿಗೂ ಮೊದಲ ಮಳೆಗಾಲದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ನರ್ಸರಿಯವರು ಸಸಿ ಮಾರುವಾಗ ಇದನ್ನು ಮಾಡಿದ್ದಾರೋ ಇಲ್ಲವೋ ಎಂದು ಕೇಳುವ ಅಭ್ಯಾಸ ಕೊಳ್ಳುವವರಿಗೆ ಬರಬೇಕು.

ಮನೆಯಲ್ಲಿ ಚಿಪ್ಪಣಬೆ ಬೆಳೆಯುವವರಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಅಣಬೆ ಚೀಲಗಳನ್ನು ಹಾಳುಮಾಡುವ ಹಸಿರು ಬೂಷ್ಟು ಇದೇ ಟ್ರೈಕೋಡರ್ಮಾ ಕುಲದ್ದು. ಗೊಬ್ಬರದ ರಾಶಿಯನ್ನು ಅಣಬೆ ಕೋಣೆಯಿಂದ ದೂರವಿಡಿ, ರಾಶಿ ಮಗುಚಿದ ಬಟ್ಟೆಯಲ್ಲೇ ಒಳಗೆ ಹೋಗಬೇಡಿ.

ಸರ್ಕಾರದಿಂದ ಆಗಬೇಕಾದ್ದು ದೊಡ್ಡದೇನಲ್ಲ. ರಾಶಿ ಸಿದ್ಧವಾಗಲು 15 ದಿನ ಬೇಕು, ಮೇ ಮೊದಲ ಪಕ್ಷಕ್ಕೆ ಅದು ಬುಡ ಸೇರಬೇಕು. ಹಾಗಾದರೆ ಸಹಾಯಧನದ ಪ್ಯಾಕೆಟ್ಟುಗಳು ಏಪ್ರಿಲ್ ಎರಡನೇ ವಾರದೊಳಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ಇರಬೇಕು. ಜೂನ್ ಕೊನೆಗೆ ಬಂದರೆ ಆ ವರ್ಷದ ಮಟ್ಟಿಗೆ ಅದು ಬರೀ ಲೆಕ್ಕ ಚುಕ್ತಾ. ಮಣ್ಣು ಪರೀಕ್ಷೆಯ ಹಾಗೆ ಪ್ಯಾಕೆಟ್ಟಿನ ಜೀವಂತ ಕಣ ಎಣಿಕೆಯನ್ನೂ ರೈತರು ಅಲ್ಪ ಶುಲ್ಕ ಕೊಟ್ಟು ಮಾಡಿಸಿಕೊಳ್ಳುವ ವ್ಯವಸ್ಥೆ ಜಿಲ್ಲೆಯಲ್ಲಿ ಬೇಕು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇರುವಾಗ ಇದು ಅಸಾಧ್ಯವಲ್ಲ. ಹಂಚುವ ಕರಪತ್ರಗಳಲ್ಲಿ ಟ್ರೈಕೋಡರ್ಮಾ, ಬೋರ್ಡೋ, ಕಾರ್ಬೆಂಡಜಿಮ್‌ಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡುವ ಬದಲು, ಯಾವುದರ ನಂತರ ಎಷ್ಟು ದಿನ ಬಿಟ್ಟು ಯಾವುದು ಎಂದು ತಿಂಗಳವಾರು ಮುದ್ರಿಸಲಿ. ಮಾರಾಟಗಾರರು ರಸೀದಿಯಲ್ಲಿ ಬ್ಯಾಚ್ ಸಂಖ್ಯೆ ಬರೆದುಕೊಡುವುದು ಕಡ್ಡಾಯವಾಗಲಿ. ಪುಡಿ ಸತ್ತಿತ್ತು ಎಂದು ಮುಂದೆ ದೂರಬೇಕಾದರೆ ರೈತನ ಕೈಯಲ್ಲಿ ಅದೊಂದೇ ಆಧಾರ.

ತಮ್ಮ ವಿಶ್ವಾಸಿ,
ಓದುಗ, ತೀರ್ಥಹಳ್ಳಿ ತಾಲ್ಲೂಕು